ಜೋಡಿ ಆಟಕ್ಕೆ ಮುಂಚೆ

ಶುಕ್ರವಾರ, ಮಧ್ಯಾಹ್ನ

ಒಂದಾದ ಪೂಲ್-ಸ್ನೂಕರ್ ಸಂಘದ ಮಾನ್ಯ ಕಾರ್ಯದರ್ಶಿಗಳಿಗೆ, ಅಂದರೆ ನನ್ನ ಮಗಳ ಅಪ್ಪನಿಗೆ,

ನಮಸ್ಕಾರ ಬೇಕಿದ್ದರೆ ನೀವೇ ಹಾಕಿಕೊಳ್ಳಿ.

ನನ್ನ ಮೇಲೆ ದೂರು ಕೊಟ್ಟವರು ನೀವೇ ಅಂತ ಗೊತ್ತಾಯಿತು. ಎದೆಬಡಿತ ತಗ್ಗಿಸುವ ಮಾತ್ರೆ ನುಂಗಿ, ಕೈ ಅಲುಗದಂತೆ ಮಾಡಿಕೊಂಡು ಸ್ನೂಕರ್ ಆಡುತ್ತೇನಂತೆ. ಡಾಕ್ಟರು ನನ್ನ ಹೃದಯಕ್ಕೆ ಬರೆದ ಆ ಮಾತ್ರೆಯನ್ನು ದಿನಾ ಬೆಳಿಗ್ಗೆ ನೀರಿನ ಲೋಟದ ಜೊತೆ ತಂದುಕೊಡುತ್ತಿದ್ದವರು ಯಾರು? ನಾಚಿಕೆಯಾಗಬೇಕು ನಿಮಗೆ.

ಒಲಿಂಪಿಕ್ಸ್‌ನಲ್ಲಿ ಜಾಗ ಕೇಳಬೇಕಾದರೆ ನಿಮ್ಮ ಪೂಲ್ ಸಂಘ, ನಮ್ಮ ಸ್ನೂಕರ್ ಸಂಘ ಒಂದಾಗಬೇಕು, ಎಲ್ಲರಿಗೂ ನಿಷೇಧಿತ ಮದ್ದಿನ ಪರೀಕ್ಷೆ ಆಗಬೇಕು. ಆಗಲಿ. ನಿಮ್ಮ ಹೊಟ್ಟೆ ಉರಿದದ್ದು ಅದಕ್ಕಲ್ಲ. ಜೋಡಿ ಆಟಕ್ಕೆ ಪೂಲ್ ಕಡೆಯಿಂದ ಒಬ್ಬ ಗಂಡಸು, ಸ್ನೂಕರ್ ಕಡೆಯಿಂದ ಒಬ್ಬ ಹೆಂಗಸು ಎಂದು ಸಹಿ ಹಾಕಿದವರು ನೀವು. ಆಯ್ಕೆಯಲ್ಲಿ ಅಲ್ಲಿ ನೀವು ಗೆದ್ದಿರಿ, ಇಲ್ಲಿ ನಾನು. ಒಂದು ಮನೆಯಲ್ಲಿ ಇರಲಾಗದವರು ಈಗ ಒಂದು ಮೇಜಿನಲ್ಲಿ ಸರದಿಯಂತೆ ಹೊಡೆಯಬೇಕು. ಅಪ್ಪ ಚೆನ್ನಾಗಿ ಸಿಕ್ಕಾಕೊಂಡ್ರು ಅಂತ ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ದೇಶದ ತಂಡಕ್ಕೆ ನನ್ನ ಹೆಸರು ಬಂದದ್ದು ಇದೇ ಮೊದಲು, ಈ ವಯಸ್ಸಿಗೆ ಕೊನೆಯದೂ ಹೌದು. ಅದಕ್ಕೆ ಕಲ್ಲು ಹಾಕಲು ಹೋದಿರಿ.

ನಿನ್ನೆ ಫಲಿತಾಂಶ ಬಂತು. ಏನೂ ಸಿಗಲಿಲ್ಲ. ಪರೀಕ್ಷೆಯ ಸುದ್ದಿ ಕೇಳಿದಾಗಲೇ ಡಾಕ್ಟರನ್ನು ಕಾಡಿ ಬೇಡಿ ಮಾತ್ರೆ ಬದಲಾಯಿಸಿಕೊಂಡಿದ್ದೆ. ಈ ಹೊಸ ಮಾತ್ರೆಯಲ್ಲಿ ಕೈ ನಡುಗುತ್ತದೆ. ಮೊದಮೊದಲು ಮೇಜಿನ ಮೂಲೆಯ ಜೇಬಿನ ಬಾಯಲ್ಲಿದ್ದ ಚೆಂಡೂ ತಪ್ಪುತ್ತಿತ್ತು. ಮೇಜಿನ ಅಂಚು ಹಿಡಿದು ಅತ್ತಿದ್ದೇನೆ. ಆಮೇಲೆ ನಡುಗುವ ಕೈಗೆ ತಕ್ಕಂತೆ ಹೊಡೆಯುವುದನ್ನು ಕಲಿತೆ. ಗೆದ್ದದ್ದು ಈ ಕೈಯಿಂದಲೇ. ಬಿಟ್ಟುಹೋದವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು.

ಸೋಮವಾರದಿಂದ ಅಭ್ಯಾಸ. ಬನ್ನಿ, ಆಡಿ, ಹೋಗಿ. ಆಟದ ಹೊರತು ನನ್ನ ಜೊತೆ ಮಾತು ಬೇಡ.

ಇಂತಿ,
ನೀವೇ ಹೆಸರಿಟ್ಟ
ಮೊಂಡು

ಮರೆತಿದ್ದೆ: ನೀವು ಬಿಟ್ಟುಹೋದ ಹಳೆಯ ಕ್ಯೂ ಕೋಲಿನ ಪೆಟ್ಟಿಗೆಯನ್ನು ಮಗಳಿಗೆ ಕೊಡೋಣ ಅಂತ ತೆರೆದೆ. ಕೋಲಿನ ತುದಿಗೆ ಉಜ್ಜುವ ಚಾಕ್ ತುಂಡಿನ ಕೆಳಗೆ ನನ್ನ ಆ ಮಾತ್ರೆಯ ಖಾಲಿ ಸ್ಟ್ರಿಪ್‌ಗಳು. ತಿಂಗಳು ಮುಗಿಯುವ ಮೊದಲೇ ಅವು ಏಕೆ ಮುಗಿಯುತ್ತಿದ್ದವೆಂದು ಈಗ ತಿಳಿಯಿತು. ಯಾರಿಗೂ ಹೇಳಿಲ್ಲ. ಹೇಳಿದರೆ ಜೋಡಿಯೇ ಹೋಗುತ್ತದೆ, ಜೊತೆಗೆ ನಾನೂ. ಮುಂದಿನ ಸಲ ಪರೀಕ್ಷೆ ನಿಮಗೆ. ಈಗಲೂ ನುಂಗುತ್ತಿದ್ದರೆ ಇಂದೇ ನಿಲ್ಲಿಸಿ. ಬಿಟ್ಟಮೇಲೆ ಕೈ ನಡುಗುತ್ತದೆ. ಸೋಮವಾರ ಉಳಿದವರಿಗಿಂತ ಮುಂಚೆ ಬನ್ನಿ, ಹೇಗೆ ಹೊಡೆಯಬೇಕೆಂದು ತೋರಿಸುತ್ತೇನೆ.