ಉಪಾಸದ ಸಾಲುಗಳು

ಕುಲಗೋಡ
19 ಆಗಸ್ಟ್ 2025, ಮಂಗಳವಾರ

ಮೈ ಡಿಯರ್ ಡಾಟರ್ ಶೈಲಾ,

ನಾ ಆರಾಮ, ಎಮ್ಮಿ ಆರಾಮ, ನಿನ್ನ ಗೋವಿನಜೋಳ ಮಾತ್ರ ಪೂರ್ತಿ ಆರಾಮ ಇಲ್ಲ. ಫೋನ್ ಬಿಟ್ಟು ಪತ್ರ ಯಾಕಂದರ, ಫೋನ್ ಹಚ್ಚಿದ ಕೂಡಲೇ ನಿಮ್ಮ ಅಕ್ಕವ್ವತ್ತಿ ಬಾಜೂಕ್ಕ ಬಂದು ಕೂಡ್ತಾಳ. ಯಮಕನಮರಡಿಯಿಂದ ನಾಕು ದಿನಕ್ಕಂತ ಬಂದ ನನ್ನಕ್ಕ ಶ್ರಾವಣ ಪೂರ್ತಿ ಇಲ್ಲೇ ಉಳಿದಾಳ. ರೊಟ್ಟಿ ಥೇಟ್ ನಿಮ್ಮವ್ವ ಬಡದಂಗ ಬಡೀತಾಳ, ಅಂಥಾಕಿ ಮ್ಯಾಲೆ ಸಿಟ್ಟು ಮಾಡೋದು ಹೆಂಗ? ಇರಲಿ. ಕಮಿಂಗ್ ಟು ದಿ ಪಾಯಿಂಟ್.

ನೀ ಧಾರವಾಡದಿಂದ ಬಂದು ನಮ್ಮ ಹೊಲದಾಗ ಗೂಟ ಬಡದು ಹೇಳಿದ್ದು ನೆನಪೈತಿ. ಒಂದು ತುಂಡಿಗೆ ಯೂರಿಯಾ, ಒಂದಕ್ಕೆ ನಿಮ್ಮ ಲ್ಯಾಬಿನ ಸೂಕ್ಷ್ಮಾಣು ಹಚ್ಚಿದ ಬೀಜ, ಒಂದಕ್ಕೆ ಏನೂ ಇಲ್ಲ. ಹಿಂಗ ನಾಕು ಸಲ. ಏನೂ ಇಲ್ಲದ್ದಕ್ಕ ಕಂಟ್ರೋಲ್ ಅಂತಾರ, ಅದರ ಜೋಡಿ ಹೋಲಿಸಿದರೇ ಸೂಕ್ಷ್ಮಾಣುವಿನ ಕಸುವು ತಿಳಿಯೋದು ಅಂದಿದ್ದಿ. ಗೋಕಾಕದಾಗ ಪಿಯುಸಿ ಸೈನ್ಸ್ ಓದಿದಾಂವ ನಾನು, ತಿಳೀತು. ಊರಿಗೆ ತಿಳೀಲಿಲ್ಲ.

ಒಂದು ಕಂಟ್ರೋಲ್ ತುಂಡು ರಸ್ತಾದ ಬಾಜೂಕ್ಕೇ ಬಂದೈತಿ ನೋಡು. ಅರಿಶಿಣ ಬಳದಂಗ ಹಳದಿ ಆಗಿ ನಿಂತಿತ್ತು. ಗೋಕಾಕ ಬಸ್ಸಿನ ಮಂದಿ ಕಿಡಕ್ಯಾಗಿಂದ ಹಣಕಿ ನೋಡ್ತಿದ್ದರು. ಬಾಜೂ ಹೊಲದ ಮಾಳಪ್ಪ ಬಂದು, “ಏನ್ರಿ ಕಾಕಾ, ಗೌರವ್ವ ಕಾಕಿ ಹೋದ ಮ್ಯಾಲೆ ಬೆಳಿ ಕಡೆ ಲಕ್ಷ್ಯನ ಇಲ್ಲಲ್ರಿ? ಎರಡು ಬುಟ್ಟಿ ಗೊಬ್ಬರ ನಾನೇ ಕೊಡ್ಲೇನು?” ಅಂದ. ಇದು ರಿಸರ್ಚ್ ಅಂದೆ. “ಬೆಳಿ ಉಪವಾಸ ಕೆಡವೋದು ಅದ್ಯಾವ ರಿಸರ್ಚ್‌ರಿ” ಅಂತ ಚಾದಂಗಡ್ಯಾಗ ಎಲ್ಲಾರೂ ನಕ್ಕರು. ನಗಲಿ. ಒಂದು ಮುಷ್ಟಿ ಗೊಬ್ಬರ ನಾ ಹಾಕಲಿಲ್ಲ.

ಹೋದ ವಾರ ನೋಡ್ತೀನಿ, ರಸ್ತಾದ ತುಂಡು ಹಸರಾಗಾಕತ್ತೈತಿ! ಉಳಿದ ಮೂರು ಹಳದಿನೇ ಅದಾವ. ಅಕ್ಕನ್ನ ಕೇಳಿದೆ. ಮೊದಲು ಎಲ್ಲಾ ಮಳಿ ಮಹಿಮಾ ಅಂದಳು, ಆಮ್ಯಾಲೆ ಅಳಾಕ ಸುರು ಮಾಡಿದಳು. ಖೋಲ್ಯಾಗಿನ ಯೂರಿಯಾ ಸೆರಗಿನ್ಯಾಗ ಕಟಗೊಂಡು ಹೋಗಿ ಉಗ್ಗಿ ಬಂದಿದ್ದಳು. “ಮಂದಿ ನನ್ನ ತಮ್ಮಗ ಆಡಿಕೊಂಡರ ನಾ ಹೆಂಗ ಕೇಳಲೋ? ಪಾಪ, ಬಾಯಿಲ್ಲದ ಬೆಳಿ, ಬಾಜೂದವು ಉಣ್ಣೋದು ನೋಡಕೋತ ನಿಂತಿದ್ದವು” ಅಂದಳು. ಶೈಲಾಗ ಹೇಳಬ್ಯಾಡ ಅಂತ ಕೈ ಹಿಡಕೊಂಡಳು.

ಹೇಳಲಿಲ್ಲಂದರ ನೀ ಬಂದು ಅಳತಿ ಮಾಡಿ, ಸೂಕ್ಷ್ಮಾಣುವಿಂದ ಅಷ್ಟೇನೂ ಫರಕ್ ಆಗಿಲ್ಲ ಅಂತ ಬರೀತಿ. ಅದು ಸುಳ್ಳು ರಿಸಲ್ಟ್. ಅದಕ್ಕ ಸ್ಪಷ್ಟ ಬರೀತೀನಿ, ಆ ತುಂಡು ಕ್ಯಾನ್ಸಲ್. ನಿಮ್ಮ ಗೈಡ್ ಬೈದರ ಬೈಯಲಿ, ಲೆಕ್ಕಕ್ಕ ಹಿಡಿಯಬ್ಯಾಡ ಅದನ್ನ. ಉಳಿದ ಮೂರೂ ಕೆಟ್ಟರ ನಿನ್ನ ಒಂದು ವರ್ಷ ಮಣ್ಣಾಗತೈತಿ. ಅವನ್ನ ಕಾಯೋದು ನನ್ನ ಡ್ಯೂಟಿ.

ಅಕ್ಕಗ ತಿಳಿಸೋದೇ ಕಠಿಣ ಇತ್ತು. ನಿನ್ನೆ ಶ್ರಾವಣ ಸೋಮವಾರ, ಆಕಿ ಉಪಾಸ. ಅಕ್ಕಾ, ಈಗ ನಿನ್ನ ಬಾಯಾಗ ಒಂದು ಹೋಳಿಗಿ ತುರುಕಲೇನು ಅಂದೆ. “ಹುಚ್ಚಪ್ಪಾ, ಉಪಾಸ ಮುರೀತೈತಲ್ಲೋ!” ಅಂದಳು. ಆ ಮೂರು ತುಂಡೂ ನಮ್ಮ ಶೈಲಾನ ಸಲುವಾಗಿ ಉಪಾಸ ಹಿಡದಾವ ಅಂದೆ. ಇವತ್ತ ಮುಂಜಾನೆ ಮಾಳಪ್ಪ ಖರೇನ ಗೊಬ್ಬರದ ಬುಟ್ಟಿ ಹೊತಗೊಂಡು ಬದುವಿನ ಮ್ಯಾಲೆ ಬಂದ. “ಉಪಾಸ ಇದ್ದವರ ಬಾಯಾಗ ತುರುಕಾಕ ಬಂದ್ಯೇನೋ ಮಾಳ್ಯಾ!” ಅಂತ ಆಕಿ ಒದರಿದ್ದು ಮೂಡಲಗಿ ತನಕ ಕೇಳಿರಬೇಕು.

ನೀ ಬಂದು ಅಳತಿ ಮಾಡೂ ತನಕ ಆ ಮೂರೂ ಹಳದಿನೇ ಇರತಾವ. ಮಂದಿ ಏನರೆ ಅನ್ನಲಿ, ಐ ಶಲ್ ನಾಟ್ ಮೂವ್.

ಯುವರ್ಸ್ ಒಬಿಡಿಯಂಟ್ಲಿ (ಇದು ಸಾಹೇಬರಿಗೆ ಬರೆಯೋದು ಕಾಣತೈತಿ, ಇರಲಿ ಬಿಡು),
ನಿನ್ನ ಅಪ್ಪ
ಬಸವಣ್ಣೆಪ್ಪ

ತಾ.ಕ.: ಗೊಬ್ಬರದ ಖೋಲಿಗೆ ಕೀಲಿ ಹಾಕಿ, ಕೀಲಿಕೈ ಅಕ್ಕನ ಅದೇ ಸೆರಗಿಗೆ ಕಟ್ಟೀನಿ. ನಗಬ್ಯಾಡ. ಮಾಳಪ್ಪ ಹಂಗ ಅಂದ ದಿನ ನಾನೂ ಒಂದು ಮುಷ್ಟಿ ಯೂರಿಯಾ ಹಿಡಕೊಂಡು ರಸ್ತಾದ ಸಾಲಿನ ಎದುರು ನಿಂತಿದ್ದೆ, ಗೋಕಾಕ ಬಸ್ಸು ದಾಟಿ ಹೋಗೂ ತನಕ. ಮುಷ್ಟಿ ಬಿಚ್ಚಲಿಲ್ಲ, ಖರೆ. ಆದರ ಕೀಲಿಕೈ ನನ್ನ ಹಂತ್ಯಾಕ ಇರೋದು ಬ್ಯಾಡ.