ಗುಳಿಗೆ ಓಡಿಸಿದ ಹುಡುಗಿ

ನೆಲದಡಿಯ ಓಣಿ, ಹುಬ್ಬಳ್ಳಿ
ಫೆಬ್ರವರಿ ಮೂವತ್ತು, ೨೧೮೭

ಹಿಂದಿನ ಕಾಲದ ಮನೆಯವರಿಗೆ ಗುರುಪಾದಪ್ಪನ ಶರಣು. ತಾರೀಖು ತಪ್ಪಿಲ್ಲ, ಫೆಬ್ರವರಿಗೆ ಈಗ ಮೂವತ್ತು ದಿನ. ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಕಾಲೇಜಿನಲ್ಲಿ ನಿಮ್ಮ ಇಂಗ್ಲಿಷನ್ನು ಹಳೆಯ ಭಾಷೆಯೆಂದು ಕಲಿತಿದ್ದೆ. ‘ಸೈಡ್ ಎಫೆಕ್ಟ್’ ಎಂಬುದು ನೆನಪಿದೆ, ಸೈಡ್ ಎಂದರೆ ಎಡವೋ ಬಲವೋ ಮರೆತಿದೆ. ಅದರಲ್ಲೊಂದು ಬಗೆಯನ್ನು ನಾವು ‘ತೋರುಬೇನೆ’ ಎನ್ನುತ್ತೇವೆ: ಮೈಯೊಳಗೆ ಮೊದಲೇ ಅಡಗಿ ಕೂತ ನರರೋಗವನ್ನು ಗುಳಿಗೆ ಹೊರಗೆಳೆದು ತೋರಿಸಿಬಿಡುವುದು.

ಬಿಸಿಲು ತಾಳದೆ ನಾವೆಲ್ಲ ನೆಲದ ಕೆಳಗಿದ್ದೇವೆ. ಕನ್ನಡಿಗಳು ಇಳಿಸಿದ ಬೆಳಕಿನಲ್ಲೇ ಜೋಳ ಬೆಳೆಯುತ್ತೇವೆ. ರುಚಿ ಅಷ್ಟಕ್ಕಷ್ಟೆ, ಅದಿರಲಿ. ನನ್ನ ಹೆಂಡತಿ ಕಾಶವ್ವ ಒಂದು ಮುಂಜಾನೆ ರೊಟ್ಟಿ ಬಡಿಯುತ್ತ, “ಸ್ವಲ್ಪ ಸರೀರಿ, ಹುಡುಗಿ ಕುಂದರ್ಲಿ” ಎಂದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ದಿನವೂ ಬರತೊಡಗಿದಳಂತೆ, ಒದ್ದೆ ಲಂಗದ, ಮಾತಾಡದ ಹುಡುಗಿ. ಕಾಶವ್ವ ಹೆದರಲಿಲ್ಲ. ಹೆದರಿದವನು ನಾನು. ದವಾಖಾನೆಯಲ್ಲಿ ಭ್ರಮೆ ನಿಲ್ಲಿಸುವ ಗುಳಿಗೆ ಕೊಟ್ಟರು.

ಹುಡುಗಿ ಹೋದಳು. ಅವಳ ಹಿಂದೆಯೇ ಕಾಶವ್ವನೂ ಹೊರಟಂತಾಯಿತು. ಮೈ ಕಟ್ಟಿಗೆಯಾಯಿತು, ಗುಟುಕು ಇಳಿಯಲಿಲ್ಲ, ಮಾತು ನಿಂತಿತು. ದವಾಖಾನೆಯ ಅಂಜುಮ್ ಡಾಕ್ಟರು ಮನೆಗೇ ಬಂದು ಕೇಳಿದರು, “ಮೊದಲಿಂದ ಕಾಲೆಳದು ನಡೀತಿದ್ರೇನು? ನಿದ್ದ್ಯಾಗ ಒದೀತಿದ್ರೇನು?”

“ಒದಿಯೂದು ಲಗ್ನ ಆದಾಗಿಂದ ಐತ್ರಿ.”

ಅವರು ನಗಲಿಲ್ಲ. “ಹಂಗಾರ ಅಜ್ಜಾರ, ರೋಗ ಗುಳಿಗಿ ತಂದದ್ದಲ್ಲ. ಒಳಗಿದ್ದದ್ದನ್ನ ತೋರಿಸೇತಿ. ಆ ಹುಡುಗಿ ಕಾಣೂದೂ ಅದ ರೋಗದಿಂದ. ಗುಳಿಗಿ ಇನ್ನ ಕೊಟ್ರ ಇವರು ಉಳಿಯಂಗಿಲ್ಲ.”

ಗುಳಿಗೆ ನಿಂತಿತು. ಕಾದೆ. ತುಟಿಗೆ ನೀರು ಸವರುತ್ತ ಕೂತಿದ್ದಾಗ ಒಂದು ದಿನ ಆ ತುಟಿ ಅಲುಗಿತು. “ಬಂದ್ಲು. ಸರೀರಿ.”

ಸರಿದೆ, ಅಳುತ್ತ ಗೋಡೆಯವರೆಗೂ ಸರಿದೆ. ಹುಡುಗಿ ಬಂದಳೆಂದರೆ ಹೆಂಡತಿಯೂ ಬಂದಳು. ರೋಗ ವಾಸಿಯಾಗುವಂಥದ್ದಲ್ಲ, ಆದರೂ ಆಮೇಲೆ ಮೂವರೂ ಸಂಸಾರ ಮಾಡಿದೆವು. ಕಾಣದವಳ ಮುಂದೆ ನಾನೇ ರೊಟ್ಟಿ ಇಡುತ್ತಿದ್ದೆ. “ತುಪ್ಪಾ ಹಚ್ರಿ, ಜಿಪುಣಾ” ಎಂದು ಕಾಶವ್ವ ಬೈಯುತ್ತಿದ್ದಳು.

ಹೋದ ಚಳಿಗಾಲ ಅವಳು ತೀರಿಕೊಂಡಳು.

ನಿಮ್ಮ ಮನೆಯಲ್ಲಿ ಯಾರಾದರೂ ಇಲ್ಲದವರಿಗೆ ಜಾಗ ಬಿಟ್ಟುಕೊಟ್ಟರೆ, ಅವರ ನಡಿಗೆ, ನಿದ್ದೆ, ಕೈಯ ನಡುಕ ಎಲ್ಲವನ್ನೂ ಗುಳಿಗೆ ಬರೆಯುವ ಮೊದಲೇ ಡಾಕ್ಟರಿಗೆ ಹೇಳಿ. ಗುಳಿಗೆಯಿಂದ ಮೈ ಬಿಗಿದರೆ ತಡಮಾಡದೆ ತಿಳಿಸಿ. ಔಷಧಿಯನ್ನು ಬೈದು ಸುಮ್ಮನಾಗಬೇಡಿ. ಅದು ಏನನ್ನು ತೋರಿಸಿತೆಂದು ಕೇಳಿ.

ಮತ್ತೊಂದು ಮಾತು. ಒದ್ದೆ ಲಂಗದ ಹುಡುಗಿಯೊಬ್ಬಳು ನಿಮ್ಮ ಕಡೆ ಬಂದರೆ ಗದರಬೇಡಿ. ಗುರುಪಾದಪ್ಪ ಒಬ್ಬನೇ ಇದ್ದಾನೆಂದು ಹೇಳಿ ಕಳಿಸಿ.