ದಿಂಬು ಕಟ್ಟಿಕೊಂಡ ಡಾಕ್ಟರು

ಮಾರ್ಚ್ 4, ಸಂಜೆ

ಮತ್ತೆ ಸಭೆ. ತಗಡಿನ ಮನೆಗಳ ಸಾಲಿನಲ್ಲಿ ದೊಡ್ಡ ಡಾಕ್ಟರು, ನಾನು, ಮೈಕು, ಬಿಸ್ಕತ್ತು. ಈ ವರ್ಷ ನಮ್ಮ ಕ್ಲಿನಿಕ್ ಹೇಗೆ ನಡೆಯಬೇಕು ಹೇಳಿ ಎಂದರೆ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಬಿಸ್ಕತ್ತು ಮಾತ್ರ ಖಾಲಿ.

"ಇವರಿಗೇನೂ ಬೇಡ ಸಿಸ್ಟರ್. ಹಳೇ ಟೈಮೇ ಬರೆದುಬಿಡಿ, ಒಂಬತ್ತರಿಂದ ನಾಲ್ಕು," ಎಂದರು ಡಾಕ್ಟರು.

ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವ ಹುಡುಗಿಗೆ ಏಳು ತಿಂಗಳು. ಒಮ್ಮೆಯೂ ತಪಾಸಣೆ ಆಗಿಲ್ಲ. ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಬಾರೇ ಎಂದರೆ "ಬರ್ತೀನಕ್ಕ" ಅನ್ನುತ್ತಾಳೆ. ಬರುವುದಿಲ್ಲ. ಮೈಯೆಲ್ಲ ಉರಿಯುತ್ತದೆ ನನಗೆ.

ಮಾರ್ಚ್ 9

ಆರೋಗ್ಯ ಇಲಾಖೆಯ ಆಫೀಸಿನಿಂದ ನಾಟಕದ ಮೇಷ್ಟ್ರನ್ನು ಕಳಿಸಿದ್ದಾರೆ. ಅದೊಂದು ಬಾಕಿ ಇತ್ತು! ಜನ ತಮ್ಮ ಕಥೆ ತಾವೇ ಆಡಬೇಕಂತೆ. ಒಂದೇ ನಿಯಮ — ನೋಡುವವರು ಯಾರೇ "ನಿಲ್ಲಿ" ಎಂದರೂ ಆಟ ನಿಲ್ಲುತ್ತದೆ. ಕೂಗಿದವರೇ ಬಂದು, ಕಷ್ಟದಲ್ಲಿರುವವರ ಪಾತ್ರ ಆಡಬೇಕು.

"ಬಾಯಿಗೆ ಬೀಗ ಹಾಕ್ಕೊಂಡಿರೋ ಜನ ಸಾರ್," ಎಂದೆ.

"ಒಂದ್ ಟೀ ಹೇಳಿ ಸಿಸ್ಟರ್," ಎಂದು ನಕ್ಕರು.

ಮಾರ್ಚ್ 22, ಭಾನುವಾರ

ಮರೆಯುವ ಮೊದಲು ಬರೆದುಬಿಡಬೇಕು.

ನಲ್ಲಿಯ ಮುಂದೆ ಆಟ. ನರ್ಸ್ ಪಾತ್ರ ಇಸ್ತ್ರಿ ಹುಡುಗಿಯದು. ನನ್ನದೇ ನಡಿಗೆ, ನನ್ನದೇ ಗದರಿಕೆ, ಕಳ್ಳಿ! ಜನ ಬಿದ್ದು ಬಿದ್ದು ನಕ್ಕರು. ಬಸುರಿಯಾಗಿ ಅವಳ ಗಂಡ, ಹೊಟ್ಟೆಗೆ ದಿಂಬು. ಆರಕ್ಕೆ ಕೆಲಸ ಬಿಟ್ಟು ಏದುಸಿರು ಬಿಡುತ್ತ ಓಡಿ ಬಂದ. ಕ್ಲಿನಿಕ್ಕಿಗೆ ಬೀಗ.

ಡಾಕ್ಟರಿಗೆ ತಡೆಯಲಾಗಲಿಲ್ಲ. "ನಿಲ್ಲಿ! ಮಧ್ಯಾಹ್ನ ರಜೆ ಕೇಳಿ ಬರಬಹುದಲ್ಲ?"

ನಿಯಮ ಮರೆತಿದ್ದರು ಪಾಪ. ದಿಂಬು ಅವರ ಹೊಟ್ಟೆಗೆ ಬಂತು.

ರಜೆ ಕೇಳಿದರು. ಹುಡುಗಿಯ ಅತ್ತೆಯೇ ಕಾರ್ಖಾನೆ ಮಾಲೀಕ; "ಹೋಗಮ್ಮ ಧಾರಾಳವಾಗಿ. ನಾಳೆಯಿಂದ ಬರಲೇಬೇಡ," ಎಂದಳು. ಮತ್ತೆ ಆರರವರೆಗೆ ಇಸ್ತ್ರಿ ತಿಕ್ಕಿದರು. ಓಡಿದರು.

"ಟೈಮ್ ಆಯ್ತು, ನಾಳೆ ಬಾ," ಎಂದಳು ನರ್ಸ್ ಆಗಿದ್ದ ಹುಡುಗಿ, ಬೀಗ ತೋರಿಸಿ.

ಡಾಕ್ಟರು ದಿಂಬು ಹಿಡಿದುಕೊಂಡು ನಿಂತೇಬಿಟ್ಟರು. "ಹಾಗಾದ್ರೆ... ನಾನು ಯಾವಾಗ ಬರ್ಲಿ?" ನಾಟಕಕ್ಕಲ್ಲ, ನಿಜವಾಗಿ ಕೇಳಿದರು.

ಆಮೇಲೆ... ಅಬ್ಬಬ್ಬಾ! ಒಬ್ಬೊಬ್ಬರೇ ಎದ್ದರು. "ಆರರ ಮೇಲೆ ತೆಗೀರಿ!" "ಗಲ್ಲೀಲಿ ಲೈಟ್ ಹಾಕ್ಸಿ!" "ಮಕ್ಕಳನ್ನ ಕೂರಿಸೋಕೆ ಜಾಗ ಬೇಕು!" ತುಟಿ ಬಿಚ್ಚದ ಜನವೇ ಇವರು? ಡಾಕ್ಟರು ದಿಂಬು ಬಿಚ್ಚುವುದನ್ನೂ ಮರೆತು ಒಂದೊಂದೇ ಬರೆದುಕೊಂಡರು.

ಏಪ್ರಿಲ್ 6

ಒಪ್ಪಿಗೆ ಬಂತು. ಇನ್ನು ಸಂಜೆ ಆರರಿಂದ ಒಂಬತ್ತು. ಲೈಟಿಗೆ ಇನ್ನೂ ಕಾಯಬೇಕಂತೆ.

ಏಪ್ರಿಲ್ 13, ಸಂಜೆ

ಮೊದಲ ಸಂಜೆ. ಎರಡು ನಿಮಿಷ ಬಿಡುವು.

ಮೊದಲು ಬಂದವಳು ಅವಳೇ. ಹೊಟ್ಟೆಯ ಮೇಲೆ ಎದೆಬಡಿತ ಕೇಳಿಸುವ ಯಂತ್ರ ಇಟ್ಟೆ. ಬರೀ ಗರಗರ. ಅವಳ ಮೊದಲನೆಯದು ನೆನಪಾಯಿತು. ಸ್ವಲ್ಪ ಸರಿಸಿದೆ — ದಡದಡ ದಡದಡ!

"ಇದು ನನ್ನದಾ, ಅಕ್ಕ?"

"ನಿಂದಲ್ಲ ಕಣೇ. ಮಗೂದು."

ಅಳಲಿಲ್ಲ, ನಗಲಿಲ್ಲ. ಸುಮ್ಮನೆ ಕೇಳಿಸಿಕೊಂಡಳು. ಅತ್ತವಳು ನಾನು. ಎಷ್ಟು ಸಲ ಕೇಳಿದ್ದೇನೋ ಈ ಸದ್ದು, ಇವತ್ತು ಮೊದಲ ಸಲ ಕೇಳಿದ ಹಾಗಾಯಿತು.

ಮನೆಗೆ ಹೋದವಳು ಇದೀಗ ಮತ್ತೆ ಬಾಗಿಲಲ್ಲಿ. ಅತ್ತೆಯನ್ನು ಕೈ ಹಿಡಿದು ಕರೆತಂದಿದ್ದಾಳೆ. ಹಿಂದೆ ಗಂಡ. ಅವನ ಹಿಂದೆ ಇಡೀ ಸಾಲು ಮನೆಯವರು, ಚಪ್ಪಲಿ ಬಿಟ್ಟು, ಸದ್ದಿಲ್ಲದೆ.

"ಇವ್ರಿಗೂ ಒಂದ್ಸಲ ಕೇಳಿಸಕ್ಕ."

ಇಷ್ಟು ಜನರನ್ನು ಈ ಕೋಣೆಯಲ್ಲಿ ಎಲ್ಲಿ ಅಂತ ಕೂರಿಸಲಿ? ಇರಲಿ, ಯಂತ್ರ ತೆಗೆಯುತ್ತೇನೆ—